ಹೆಣದ ಮುಂದಿನ ಮಾತು

"ಅಳೇ. ಅವತ್ತು ಬೀದೀಲಿ ಕೂತ್ಕೊಂಡು ಬಾಯಿ ಬಾಯಿ ಬಡ್ಕೊಂಡು ಅತ್ತೆಯಲ್ಲ, ಈಗ ಅಳು ನೋಡೋಣ. ನಾವೂ ಕಿವಿ ತುಂಬ ಕೇಳ್ತೀವಿ."

ಎಎಸ್‌ಐ ರುದ್ರೇಶ ಒಂದು ಕೈಯಲ್ಲಿ ಇಡ್ಲಿಯ ಪೊಟ್ಟಣ ಬಿಚ್ಚುತ್ತ ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿ ಹಿಡಿದಿದ್ದ. ಮೊಬೈಲಿನೊಳಗೆ ಹನುಮವ್ವ ಎದೆ ಬಡಿದುಕೊಳ್ಳುತ್ತಿದ್ದಳು. ಹೊರಗಿನ ಹನುಮವ್ವ ಠಾಣೆಯ ಗೋಡೆಗೆ ಆತುಕೊಂಡು ನಿಂತು ಆ ಹೆಂಗಸನ್ನು ನೋಡುತ್ತಿದ್ದಳು. ಯಾರೋ ಗೊತ್ತಿರುವವಳ ಹಾಗೆ ಕಾಣುತ್ತಾಳಲ್ಲ, ಎಲ್ಲಿ ನೋಡಿದ್ದೆ ಇವಳನ್ನ ಅನ್ನಿಸಿತು. ಪಕ್ಕದಲ್ಲಿ ಮಗಳು ಶಿಲ್ಪಾ ದುಪಟ್ಟಾದ ತುದಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

"ಇದು ನೀನೇ ತಾನೇ?"

"ಹೌದ್ರಿ ಸಾಹೇಬ್ರ."

"ಬೈರಪ್ಪನೋರ ಹೆಸರು ಹಿಡಿದು ಭಾಡ್ಯಾ ಅಂದಿದ್ದು?"

"ನಾನರೀ."

"ದೇವರಿಗೆ ಹೇಲು ತಿನ್ನೋಕೆ ಹೋಗಿದ್ಯಾ ಅಂತ ಕೇಳಿದ್ದು?"

"ಅದೂ ನಾನರೀ. ಅಕಿ ನಮ್ಮ ಮನಿ ದೇವ್ರರೀ. ಗುಡ್ಡದವ್ವ. ನಮ್ಮೂರಾಗ ಹೊಲದ ದಂಡೀಗೆ ಅದಾಳ."

"ಯಾರ ಮನೆ ದೇವ್ರಾದ್ರೇನೇ ಮುಂಡೆ? ಭಾವನೆಗೆ ಧಕ್ಕೆ ಆಗಿದೆ ಅಂತ ಕಂಪ್ಲೇಂಟು ಬಂದಿದೆ. ಮಹಾಲಕ್ಷ್ಮಿ ಲೇಔಟಿನೋರು ಕೊಟ್ಟವ್ರೆ."

ಗುಡ್ಡದವ್ವನೆಂದರೆ ಒಂದು ಬೇವಿನ ಗಿಡ, ಅದರ ಬುಡಕ್ಕೆ ಕುಂಕುಮ ಬಳಿದ ಕಲ್ಲು. ಹನುಮವ್ವನ ತಾಯಿ ಬೈದಿದ್ದಾಳೆ ಆಕೆಗೆ, ಅಜ್ಜಿ ಬೈದಿದ್ದಾಳೆ. ಬೈಸಿಕೊಂಡು, ಕೋಳಿ ತಿಂದುಕೊಂಡು, ಸುಮ್ಮನೆ ಕೂತಿರುವ ದೇವತೆ. ಆ ಕಲ್ಲಿಗೆ ಆಗದ ನೋವು ಮಹಾಲಕ್ಷ್ಮಿ ಲೇಔಟಿನವರಿಗೆ ಹೇಗಾಯಿತು ಎಂದು ಹನುಮವ್ವನಿಗೆ ಅರ್ಥವಾಗಲಿಲ್ಲ. ಕೇಳುವ ಮನಸ್ಸೂ ಬರಲಿಲ್ಲ. ಈಚೆಗೆ ಅವಳಿಗೆ ಯಾವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ರುದ್ರೇಶ ಇಡ್ಲಿ ಮುರಿದ. "ನೋಡಮ್ಮ, ಎರಡು ಕೇಸು ಹಾಕ್ಬೋದು ನಿನ್ಮೇಲೆ. ಮಾನ ಕಳ್ದಿದ್ದಕ್ಕೆ ಒಂದು, ದೇವ್ರಿಗೆ ಬೈದಿದ್ದಕ್ಕೆ ಒಂದು. ಆದ್ರೆ ಬೈರಪ್ಪನೋರು ದೊಡ್ಡ ಮನಸ್ಸು ಮಾಡವ್ರೆ. ಭಾನುವಾರ ಅವರ ಪಿ.ಜಿ. ಕಾಂಪೌಂಡಿಗೆ ಬಾ. ಮೊಬೈಲ್ ಮುಂದೆ ನಿಂತ್ಕೊಂಡು ನಾಕು ಮಾತು ಹೇಳು. ಅಲ್ಲಿಗೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ನಾನು ಹೇಳಿದ ಹಾಗೆ ಹೇಳು. ನನ್ನ ಗಂಡ ಅಮೀನಪ್ಪ ಕುಡಿದ ಮತ್ತಿನಲ್ಲಿ ತಾನೇ ಗುಂಡಿಗೆ ಬಿದ್ದ."

"ನನ ಗಂಡ ಅಮೀನಪ್ಪ..."

"ಯಾಕೆ ನಿಂತೆ? ಕುಡಿದಿದ್ನೋ ಇಲ್ವೋ?"

"ಕುಡದಿದ್ದರೀ. ಅವ್ರ ಮ್ಯಾನೇಜರ್ ಕ್ವಾಟ್ರು ಕೊಟ್ಟು ಇಳಿಸಿದ್ದರೀ. ಕುಡೀಲಾರ್ದ ಆ ನಾತದಾಗ ಯಾರು ಇಳೀತಾರ್ರೀ ಸಾಹೇಬ್ರ?"

"ಹಾ, ಕುಡಿದಿದ್ದ ಅಂತ ನಿನ್ ಬಾಯಲ್ಲೇ ಬಂತಲ್ಲ. ಅಷ್ಟು ಇಟ್ಕೊ. ಉಳಿದಿದ್ದು ಬೇಡ. ಯಾರೂ ಇಳಿಸಲಿಲ್ಲ, ನಾನು ಆಡಿದ್ದೆಲ್ಲ ಸುಳ್ಳು, ಎಲ್ಲರ ಕ್ಷಮೆ ಕೇಳುತ್ತೇನೆ. ಅಷ್ಟೇ. ಮಗಳೇ, ನೀನು ಓದ್ದೋಳ ಥರ ಇದೀಯ, ನಿಮ್ಮಮ್ಮನಿಗೆ ಬಾಯಿಪಾಠ ಮಾಡ್ಸು. ಇಲ್ಲಾಂದ್ರೆ ನಿಮ್ಮ ಶೆಡ್ಡು ಇರೋ ಸೈಟು ಯಾರದ್ದು ಅಂತ ಗೊತ್ತಲ್ಲ?"

ಗೊತ್ತಿತ್ತು. ಹೇರೋಹಳ್ಳಿಯಲ್ಲಿ ನೀಲಿ ತಾಡಪಾಲಿನ ಶೆಡ್ಡುಗಳಿರುವ ಸೈಟು ಬೈರಪ್ಪನದು. ಅದರ ಆಚೆಯ ಮೂರು ಪಿ.ಜಿ. ಕಟ್ಟಡಗಳೂ ಅವನವೇ, ಒಂದರ ಕೆಳಮನೆಯಲ್ಲಿ ಅವನ ಸಂಸಾರ. ಒಂದು ಕಾಲಕ್ಕೆ ಅಲ್ಲಿ ಅವನ ಅಪ್ಪ ರಾಗಿ ಬಿತ್ತುತ್ತಿದ್ದನಂತೆ. ಈಗ ನಾಗರಬಾವಿಯಲ್ಲಿ ಲಾ ಓದುವ ಹುಡುಗರು ಬಾಡಿಗೆಗಿದ್ದಾರೆ. ಬೈರಪ್ಪನ ಸೈಟಿನಲ್ಲಿ ಬಿಟ್ಟಿ ಇರುವವರು ಬೈರಪ್ಪ ಕರೆದಾಗ ಇಲ್ಲವೆನ್ನುವ ಹಾಗಿಲ್ಲ. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಬರೆದುಕೊಡುವ ಅಗತ್ಯವೂ ಇರಲಿಲ್ಲ.

ಆ ದಿನವೂ ಕರೆದಿದ್ದ. ಪಿ.ಜಿ.ಯ ಕಕ್ಕಸಿನ ಗುಂಡಿ ತುಂಬಿ ಅಂಗಳಕ್ಕೆ ಉಕ್ಕಿತ್ತು. ಹೀರುವ ಲಾರಿ ಆ ಗಲ್ಲಿಗೆ ತಿರುಗುವುದಿಲ್ಲ. ಮ್ಯಾನೇಜರ್ ಯೋಗಾನಂದ ಶೆಡ್ಡಿನ ಹತ್ತಿರ ಬಂದು ಮೂಗಿಗೆ ಕರ್ಚೀಫು ಹಿಡಿದೇ ಹೇಳಿದ್ದ, "ಅಮೀನಪ್ಪ, ಬಾರೋ, ನಿಮ್ಮೋರ ಕೆಲ್ಸ ಬಂದಿದೆ." ಅಮೀನಪ್ಪ ಗಟಗಟ ಕುಡಿದು, ಅಂಗಿ ಕಳಚಿ ಹೆಂಡತಿಯ ಕೈಗೆ ಕೊಟ್ಟು ಹೋದ. ಪಕ್ಕದ ಶೆಡ್ಡಿನ ಲಿಂಗಪ್ಪ ಮೇಲೆ ನಿಂತು ಹಗ್ಗದಲ್ಲಿ ಬಕೆಟ್ಟು ಎಳೆಯುತ್ತಿದ್ದ. ಕೆಳಗಿನಿಂದ ಬಕೆಟ್ಟು ಬರುವುದು ನಿಂತಿತು. "ಏನೋ ಮಾಡ್ತಿದಾನೆ ಅವ್ನು, ಇನ್ನೂ ಒಳಕ್ಕೆ ಇಳಿಯೋ ಲೇ," ಎಂದು ಬೈರಪ್ಪ ಮೆಟ್ಟಿಲ ಮೇಲಿಂದ ಕೂಗಿದನಂತೆ. ಅಷ್ಟು ಹೊತ್ತಿಗೆ ಅಮೀನಪ್ಪ ಇಳಿಯುವಷ್ಟು ಇಳಿದಾಗಿತ್ತು.

ಎಳೆದು ಹಾಕಿದವನು ಲಿಂಗಪ್ಪ. ಆಸ್ಪತ್ರೆಯಿಂದ ಹೆಣ ಬಂದಾಗ ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿದವನೂ ಲಿಂಗಪ್ಪನೇ. ಹೆಣವೆಂದಮೇಲೆ ಹೆಬ್ಬೆರಳು ಕಟ್ಟಬೇಕು, ಅಲ್ಲಿಗೆ ಅದು ಹೆಣವೆಂದು ಲೆಕ್ಕ. ಆದರೆ ಪೊಲೀಸರು ಕೇಳಿದಾಗ ಮಾತ್ರ, "ನಾ ಏನೂ ನೋಡಿಲ್ಲರೀ, ಬಗ್ಗಿದ್ದೆ ನಾ," ಎಂದುಬಿಟ್ಟ. ಅವನಿಗೂ ಅದೇ ಸೈಟಿನಲ್ಲಿ ಶೆಡ್ಡಿದೆ, ಪಾಪ. ಕಾಲು ಜಾರಿ ಬಿದ್ದು ಸಾವು ಎಂದು ಬರೆದುಕೊಂಡು ಹೋದರು.

ಆಮೇಲೆ ಹನುಮವ್ವ ಹೆಣದ ಮುಂದೆ ಕೂತಳು.

ಅವರ ಕಡೆ ಒಂದು ಕಟ್ಟಳೆ ಇದೆ. ಹೆಣದ ಮುಂದೆ ಅಳುವವಳ ಬಾಯಿಗೆ ಅಡ್ಡಿಯಿಲ್ಲ. ಅವಳು ಹಾಡಿಕೊಂಡು ಅಳಬಹುದು, ಅತ್ತುಕೊಂಡು ಬೈಯಬಹುದು. ಅತ್ತೆಗೆ, ಮೈದುನನಿಗೆ, ಊರಗೌಡನಿಗೆ, ದೇವರಿಗೆ, ಯಾರಿಗೆ ಬೇಕಾದರೂ. ಹೆಣದ ಮುಂದಿನ ಮಾತು ಹೆಣದ ಜೋಡಿ ಮಣ್ಣಿಗೆ ಹೋಗತೈತಿ ಅನ್ನುತ್ತಾರೆ. ಅದನ್ನು ಎತ್ತಿಕೊಂಡು ಮನೆಗೆ ಹೋದವನ ಮನೆಗೆ ಹೆಣ ಬರುತ್ತದೆ. ಹನುಮವ್ವ ಚಿಕ್ಕವಳಿದ್ದಾಗ ಗೌಡನ ಹೊಡೆತಕ್ಕೆ ಸತ್ತ ಆಳಿನ ಹೆಂಡತಿ ಹೆಣದ ಮುಂದೆ ಕೂತು ಗೌಡನ ಏಳು ತಲೆಮಾರು ತೊಳೆದಿದ್ದಳು. ಗೌಡ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತು ಪೂರ್ತಿ ಕೇಳಿದ್ದ. ಏಳುವ ಹಾಗಿಲ್ಲ, ಎದುರಾಡುವ ಹಾಗಿಲ್ಲ. ಮಣ್ಣಾದ ಮೇಲೆ ಅದೇ ಹೆಂಗಸು ಅದೇ ಗೌಡನ ಹೊಲಕ್ಕೆ ಕಳೆ ತೆಗೆಯಲು ಹೋದಳು. ಅವನು ಏನೂ ಆಗದವನಂತೆ ಸಾಲು ತೋರಿಸಿದ. ನ್ಯಾಯವೇನೂ ಸಿಗುತ್ತಿರಲಿಲ್ಲ ಬಿಡಿ. ಒಂದು ಹೊತ್ತು ಬಾಯಿ ಸಿಗುತ್ತಿತ್ತು, ಅಷ್ಟೇ.

ಹನುಮವ್ವ ಆ ಬಾಯಿಯನ್ನು ನಂಬಿ ಅತ್ತಳು:

"ಏಳೋ ನನ ರಾಜಾ, ಮೈ ತೊಳಕೊಂಡು ಏಳೋ,
ಊರ ಹೇಲು ಬಾಚಿದವನ ಬಾಯಾಗ ಹೇಲು ತುಂಬ್ಯಾರೋ!
ಕ್ವಾಟ್ರು ಕೊಟ್ಟು ಇಳಿಸಿದ್ಯಲ್ಲೋ ಬೈರಪ್ಪಾ, ಭಾಡ್ಯಾ,
ಮಹಡಿ ಮ್ಯಾಲ ಮಹಡಿ ನಿನಗ, ನನ ಗಂಡಗ ಉಸುರಿಲ್ಲೋ!
ಎಲ್ಲಿ ಹೋಗಿದ್ದಿ ಗುಡ್ಡದವ್ವಾ, ಹೇಲು ತಿನ್ನಾಕ ಹೋಗಿದ್ದೇನ,
ಕೋಳಿ ಕೇಳಾಕ ಬಾಯಿ ಐತಿ, ಎತ್ತಾಕ ಕೈ ಇಲ್ಲೇನ?"

ಶೆಡ್ಡಿನ ಹೆಂಗಸರೆಲ್ಲ ಧ್ವನಿಗೂಡಿಸಿದರು. ಜೀವನ್ ಎಂಬ ಹುಡುಗ, ಬೈರಪ್ಪನ ಪಿ.ಜಿ.ಯಲ್ಲೇ ಇದ್ದು ಲಾ ಓದುವವನು, ಮುಂದೆ ಬಂದು ಮೊಬೈಲು ಹಿಡಿದ. ಕಣ್ಣಲ್ಲಿ ನೀರು ತುಂಬಿಕೊಂಡೇ ಹಿಡಿದಿದ್ದ, ಸುಳ್ಳು ಹೇಳಬಾರದು. "ಮಾತಾಡಿ ಆಂಟಿ, ಹೆದರ್ಬೇಡಿ. ಇದು ಡೆಮಾಕ್ರಸಿ. ನಿಮ್ಮ ಬಾಯಿ ಮುಚ್ಚಿಸೋ ಹಕ್ಕು ಯಾರಿಗೂ ಇಲ್ಲ," ಎಂದ. ಹನುಮವ್ವನಿಗೆ ಅವನು ಕಾಣಲೇ ಇಲ್ಲ. ಅವಳು ಇದ್ದಬದ್ದ ಅಳುವನ್ನೆಲ್ಲ ಅವತ್ತೇ ಅತ್ತು ಮುಗಿಸಿದಳು. ಅವತ್ತಿನಿಂದ ಒಂದು ಹನಿ ಬಂದಿಲ್ಲ.

ಮಣ್ಣಾಯಿತು, ದಿನವಾಯಿತು. ಹನುಮವ್ವ ಕಸಬರಿಗೆ ಹಿಡಿದು ಮತ್ತೆ ಬೀದಿಗಿಳಿದಳು. ಬೈರಪ್ಪನ ಗಲ್ಲಿ ಅವಳ ಪಾಲಿನದೇ. ಗೇಟಿನ ಮುಂದೆ ಗುಡಿಸುತ್ತಿದ್ದಾಗ ಗುಂಡಿಯ ಬಾಯಿ ಇನ್ನೂ ತೆರೆದೇ ಇದ್ದುದು ಕಂಡಿತು. ಬೈರಪ್ಪ ಸ್ಕೂಟರು ಒರೆಸುತ್ತಿದ್ದ. ಹೆಣದ ಜೊತೆ ಮಾತೆಲ್ಲ ಮಣ್ಣಿಗೆ ಹೋಯಿತಲ್ಲ, ಇನ್ನೇನು. ಅವಳು ಮನೆಯ ಆಳಿನಂತೆಯೇ ಹೇಳಿದಳು:

"ಗೌಡ್ರ, ಗುಂಡಿ ಬಾಯಿ ಮುಚ್ಚಸ್ರಿ. ಹುಡುಗ್ರು ಓಡಾಡತಾವ, ಕತ್ತಲದಾಗ ಕಾಲಿಟ್ಟಾವು."

ಬೈರಪ್ಪ ಒರೆಸುವ ಬಟ್ಟೆ ಅವಳ ಮುಖಕ್ಕೆ ಎಸೆದ.

"ಎಷ್ಟೇ ಕೊಬ್ಬು ನಿನಗೆ? ಊರೆಲ್ಲ ನನ್ ಮಾನ ಹರಾಜು ಹಾಕ್ಬುಟ್ಟು ಇಲ್ಲಿ ಬಂದು ಅಣಕಿಸ್ತೀಯಾ? ನನ್ ಮಗಳು ಮಾನಸನ್ನ ನೋಡೋಕೆ ಬರಬೇಕಾಗಿದ್ದೋರು ನಿನ್ ವಿಡಿಯೋ ನೋಡಿ ಬರಲ್ಲ ಅಂದವ್ರೆ ಕಣೇ! ನಾನೇನು ಕತ್ತು ಹಿಸುಕ್ದೆನಾ ನಿನ್ ಗಂಡಂದು? ಬಂದ, ಇಳಿದ, ಸತ್ತ. ನನ್ ಜಾಗದಲ್ಲಿ ಬಿದ್ಕೊಂಡು ನನಗೇ ಬೈತೀಯಾ, ಥೂ, ಕೆರ ತಿನ್ನೋಳೇ!"

ಕಸದ ಬುಟ್ಟಿಗೆ ಒದ್ದ. ಗುಡಿಸಿದ್ದೆಲ್ಲ ಬೀದಿಗೆ ಹರಡಿತು. ಹನುಮವ್ವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಇಷ್ಟು ವಯಸ್ಸಾದ ಮನುಷ್ಯನಿಗೆ ಇಷ್ಟೂ ತಿಳಿಯದೇ ಅನ್ನಿಸಿತು.

"ಗೌಡ್ರ, ಅದು ಹೆಣದ ಮುಂದ ಆಡಿದ್ದರೀ."

"ಯಾವ ಹೆಣಾನೇ? ಹೆಣ ಯಾರಿಗೆ ಕಾಣುತ್ತೆ ಮೊಬೈಲಲ್ಲಿ? ಕಾಣೋದು ನನ್ನ ಹೆಸರು!"

ಒಳಗಿನಿಂದ ಅವನ ತಾಯಿ ಯಶೋದಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ರಾಗಿ ಬೆಳೆದ ಕಾಲದ ಮುದುಕಿ. "ಬೈರ, ಹೆಣದ ತಾವ ಆಡಿದ್ದ ಎತ್ತಾಡಬಾರದು ಕಣ್ಲಾ. ಮನೆಗೆ ಒಳ್ಳೇದಲ್ಲ," ಎಂದಳು.

"ನೀನು ಒಳಗೋಗಮ್ಮ ಸುಮ್ನೆ!"

ಮುದುಕಿ ಒಳಗೆ ಹೋದಳು. ಹನುಮವ್ವ ಕಸವನ್ನು ಮತ್ತೆ ಗುಡಿಸಿಕೊಂಡಳು. ಆಮೇಲೆಯೇ ಠಾಣೆಯಿಂದ ಕರೆ ಬಂದದ್ದು.

ಠಾಣೆಯಿಂದ ಹೊರಗೆ ಬಂದವರು ಆಟೋ ಹತ್ತಿದರು. ನಡೆದು ಹೋಗೋಣ ಎಂದು ಹನುಮವ್ವ ಅಂದರೂ ಶಿಲ್ಪಾ ಕೇಳಲಿಲ್ಲ, ಯಾರಾದರೂ ಗುರುತು ಹಿಡಿದಾರು ಎಂಬ ನಾಚಿಕೆ ಅವಳಿಗೆ. ಆಟೋದವನು ಹಾಡು ಹಾಕಿದ. ಢಂ ಢಂ ಎಂದು ಡಿಜೆ ಬಡಿಯಿತು. ಆ ಬಡಿತದ ನಡುವೆ ಯಾವಳೋ "ಏಳೋ ನನ ರಾಜಾ, ಏಳೋ, ಏಳೋ, ಏಳೋ" ಎಂದು ಕಿರುಚುತ್ತಿದ್ದಳು. ಆಟೋದವನು ಹ್ಯಾಂಡಲಿನ ಮೇಲೆ ಬೆರಳು ಕುಟ್ಟುತ್ತ ತಲೆ ಕುಣಿಸಿದ.

"ಅಣ್ಣ, ಅದನ್ನ ಆಫ್ ಮಾಡಿ," ಎಂದಳು ಶಿಲ್ಪಾ.

"ಯಾಕಮ್ಮ? ಸಖತ್ ಓಡ್ತಿದೆ ಇದು. ಆ ಅಜ್ಜಿ ಬಯ್ಯೋದು ಕೇಳು, ಮುಂದೆ ಬರುತ್ತೆ, ಮಜಾ ಇದೆ."

"ಆಫ್ ಮಾಡಿ ಅಂದೆನಲ್ಲ!"

ಆಟೋದವನು ಗೊಣಗಿಕೊಂಡು ನಿಲ್ಲಿಸಿದ. ಶಿಲ್ಪಾ ಕೆಲಸ ಮಾಡುವ ಬಸವೇಶ್ವರನಗರದ ಬಟ್ಟೆ ಅಂಗಡಿಯಲ್ಲಿ ಜೊತೆಯ ಹುಡುಗಿಯೊಬ್ಬಳು ಅದನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದಾಳೆ. ಇವಳ ತಾಯಿಯೆಂದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ಎಂಬ ಹೆದರಿಕೆಯಲ್ಲೇ ಶಿಲ್ಪಾ ಸೀರೆ ಮಡಚುತ್ತಾಳೆ. ಆ ಡಿಜೆ ಹಾಕಿದವನ ಮೇಲೆ, ಕುಣಿದವರ ಮೇಲೆ ಯಾರೂ ಕಂಪ್ಲೇಂಟು ಕೊಟ್ಟಿರಲಿಲ್ಲ. ಹನುಮವ್ವ ಹೊರಗೆ ನೋಡುತ್ತ, "ಅದು ನಂದ ಧ್ವನಿ ಏನ ಶಿಲ್ಪಾ?" ಎಂದು ಕೇಳಿದಳು.

ಪಿ.ಜಿ.ಯ ಹಿಂದಿನ ಬಾಗಿಲಲ್ಲಿ ಜೀವನ್ ಸಿಕ್ಕ. ಹಾಸಿಗೆ ಸುತ್ತಿ, ಬ್ಯಾಗು ಕಟ್ಟಿ, ಬೇರೆ ಪಿ.ಜಿ.ಗೆ ಹೊರಟು ನಿಂತಿದ್ದ. ಇವರನ್ನು ಕಂಡು ಮುಖ ಇಷ್ಟಾಯಿತು.

"ಆಂಟಿ, ನಾನು ಅವತ್ತೇ ಡಿಲೀಟ್ ಮಾಡ್ದೆ, ದೇವ್ರಾಣೆ. ಆದ್ರೆ ಅಷ್ಟೊತ್ತಿಗೆ ಎಲ್ರೂ ತಗೊಂಡ್ಬಿಟ್ಟಿದ್ರು. ನಮ್ಮ ಡ್ಯಾಡಿ ಬೇರೆ ಫೋನ್ ಮಾಡಿ..."

"ಯಾರಿಗೂ ಹಕ್ಕಿಲ್ಲ ಅಂದಿದ್ರಲ್ಲ ಬ್ರೋ?" ಎಂದಳು ಶಿಲ್ಪಾ.

"ಹಕ್ಕಿದೆ ಕಣಮ್ಮ. ಮಾತಾಡೋ ಹಕ್ಕಿದೆ. ಆದ್ರೆ ಅದರ ಕೆಳಗೇನೇ ಇನ್ನೊಂದು ಇದೆ, ಎಲ್ಲೆಲ್ಲಿ ಮಾತಾಡಬಾರದು ಅಂತ. ಮಾನಹಾನಿ, ಶಾಂತಿಭಂಗ, ಅದೂ ಇದೂ."

"ಅದನ್ನ ಮೊದ್ಲೇ ಹೇಳ್ಬೇಕಿತ್ತು ಅಲ್ವಾ?"

"ಅದು ನಮಗೆ ಈ ಸೆಮಿಸ್ಟರಲ್ಲಿ ಬಂತು," ಎಂದ ಹುಡುಗ. ತಮಾಷೆಗಲ್ಲ, ನಿಜವನ್ನೇ ಹೇಳಿದ.

ಹನುಮವ್ವ ಒಂದೇ ಒಂದು ಮಾತು ಕೇಳಿದಳು. "ಆ ಪುಸ್ತಕದಾಗ ಹೆಣದ ಮುಂದಿನ ಮಾತಿಗೆ ಏನರ ಬರದಾರೇನಪಾ?"

ಜೀವನ್ ಯೋಚಿಸಿದ. "ಇಲ್ಲ ಆಂಟಿ. ಹೆಣದ ಬಗ್ಗೆ ಏನೂ ಇಲ್ಲ."

"ಹೌದೇನ," ಎಂದಳು. ಹುಡುಗನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಚೆನ್ನಾಗಿ ಓದಪ್ಪ ಎಂದು ಹೇಳಿಯೇ ಬಂದಳು.

ಶನಿವಾರ ಸಂಜೆ ಶೆಡ್ಡಿನಲ್ಲಿ ಬಾಯಿಪಾಠ ನಡೆಯಿತು. ಹನುಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶಿಲ್ಪಾ ಎದುರಿಗೆ ಕೂತು ಹೇಳಿಕೊಡುತ್ತಿದ್ದಳು.

"ತಾನೇ ಗುಂಡಿಗೆ ಬಿದ್ದ. ಹೇಳವ್ವ."

"ತಾನ ಗುಂಡಿಗೆ ಬಿದ್ದ."

"ಯಾರೂ ಇಳಿಸಲಿಲ್ಲ."

"ಯಾರೂ ಇಳಿಸಲಿಲ್ಲ. ರೊಟ್ಟಿ ತಿರುವು ಶಿಲ್ಪಾ, ಹೊತ್ತತೈತಿ."

"ಅವ್ವ, ಇದೊಂದು ಸಲ ಹೇಳ್ಬಿಡು. ನಿನ್ ಕೈ ಮುಗೀತೀನಿ. ಅಪ್ಪ ಅಂತೂ ವಾಪಸ್ ಬರಲ್ಲ. ಇಲ್ಲಿಂದ ಎತ್ತಂಗಡಿ ಮಾಡಿದ್ರೆ ನಾವೆಲ್ಲಿಗೆ ಹೋಗೋದು? ಊರಿಗೆ ಹೋಗ್ತೀಯಾ? ಏನಿದೆ ಅಲ್ಲಿ? ನಂಗೆ ಸಾಕಾಗಿದೆ ಕಣವ್ವ, ನಿಜವಾಗ್ಲೂ ಸಾಕಾಗಿದೆ."

"ಹೇಳ್ತೀನಿ ಬಿಡ. ಹೇಳಾಕ ಏನೈತಿ."

ಹೇಳಿದಳು. ರೊಟ್ಟಿ ಬಡಿಯುವ ತಾಳಕ್ಕೆ, ಎಲ್ಲೂ ತಡವರಿಸದೆ, ಪೂರ್ತಿ ಹೇಳಿದಳು. ನನ್ನ ಗಂಡ ಅಮೀನಪ್ಪ ಕುಡಿದ ಮತ್ತಿನಲ್ಲಿ ತಾನೇ ಗುಂಡಿಗೆ ಬಿದ್ದ. ಯಾರೂ ಇಳಿಸಲಿಲ್ಲ. ನಾನು ಆಡಿದ್ದೆಲ್ಲ ಸುಳ್ಳು. ಶಾಲೆಯ ಮಗು ಮಗ್ಗಿ ಒಪ್ಪಿಸಿದ ಹಾಗಿತ್ತು. ಇಷ್ಟು ಸಲೀಸಾಗಿ ಬರುತ್ತದೆಂದು ಶಿಲ್ಪಾ ಅಂದುಕೊಂಡಿರಲಿಲ್ಲ. ಬೇಕಾಗಿದ್ದದ್ದು ಇದೇ ಆದರೂ ಕೇಳಿದ ಮೇಲೆ ಅವಳಿಗೆ ಅಲ್ಲಿ ಕೂರಲಾಗಲಿಲ್ಲ. ಕೊಡ ತೆಗೆದುಕೊಂಡು ನೀರಿಗೆ ಹೋದಳು. ಅಂದು ನೀರು ಬಿಡುವ ದಿನವಾಗಿರಲಿಲ್ಲ.

ಹನುಮವ್ವ ರೊಟ್ಟಿಯ ಮುಂದೆ ಕೂತೇ ಇದ್ದಳು. ಹೆಣವಿದ್ದಾಗ ಆಡಿದ ಮಾತು ಹೆಣವಿಲ್ಲದೆ ಸುಳ್ಳಾಗುತ್ತದೆಯಲ್ಲ ಎಂದುಕೊಂಡಳು. ಮೂಲೆಯಲ್ಲಿ ಗೂಟಕ್ಕೆ ಅಮೀನಪ್ಪ ಬಿಚ್ಚಿಕೊಟ್ಟ ಅಂಗಿ ನೇತಾಡುತ್ತಿತ್ತು. ಅದನ್ನು ಒಗೆಯಬೇಕೆಂದು ಅವಳಿಗೆ ನೆನಪಾಗಿರಲಿಲ್ಲ.

ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬೈರಪ್ಪ ಇಸ್ತ್ರಿಯ ಬಿಳಿ ಅಂಗಿ ಹಾಕಿ ಕೂತಿದ್ದ, ಪಕ್ಕದಲ್ಲಿ ರುದ್ರೇಶ. ಇಬ್ಬರಿಗೂ ಎಳನೀರು ಬಂದಿತ್ತು. ಯೋಗಾನಂದ ಮೊಬೈಲನ್ನು ಮೂರು ಕಾಲಿನ ಕೋಲಿಗೆ ಸಿಗಿಸುತ್ತಿದ್ದ. ಶೆಡ್ಡಿನವರೆಲ್ಲ ಬರಬೇಕೆಂದು ಬೈರಪ್ಪ ಹೇಳಿ ಕಳಿಸಿದ್ದರಿಂದ ಹೆಂಗಸರೂ ಗಂಡಸರೂ ಗೇಟಿನ ಹತ್ತಿರ ಗುಂಪಾಗಿ ನಿಂತಿದ್ದರು, ಲಿಂಗಪ್ಪ ಎಲ್ಲರಿಗಿಂತ ಹಿಂದೆ. ಮೇಲಿನ ಬಾಲ್ಕನಿಗಳಲ್ಲಿ ಪಿ.ಜಿ. ಹುಡುಗರು ಟವೆಲು ಸುತ್ತಿಕೊಂಡು ಬಗ್ಗಿ ನೋಡುತ್ತಿದ್ದರು.

"ಇಲ್ಲಿ ಬಾ, ಇಲ್ಲಿ ನಿಂತ್ಕೊ. ಇಲ್ಲಿ ಬೆಳಕು ಚೆನ್ನಾಗಿದೆ," ಎಂದು ಯೋಗಾನಂದ ಅವಳ ಮೈ ಮುಟ್ಟದೆ ಕೈಸನ್ನೆ ಮಾಡಿ ನಿಲ್ಲಿಸಿದ.

ಹನುಮವ್ವ ಕಾಲ ಕೆಳಗೆ ನೋಡಿದಳು. ಹೊಸ ಸಿಮೆಂಟಿನ ಚಪ್ಪಡಿ. ಅಂತೂ ಗುಂಡಿಯ ಬಾಯಿ ಮುಚ್ಚಿಸಿದ್ದರು. ಯೋಗಾನಂದನಿಗೆ ಅದು ನೆನಪಿತ್ತೋ ಇಲ್ಲವೋ, ಅವನ ಗಮನ ಬೆಳಕಿನ ಮೇಲಿತ್ತು.

"ರೆಡಿ. ಹೇಳು."

"ನನ್ನ ಗಂಡ ಅಮೀನಪ್ಪ ಕುಡಿದ ಮತ್ತಿನಲ್ಲಿ..."

"ಕೇಳಿಸ್ತಿಲ್ಲ. ಬೈಯುವಾಗ ಇಡೀ ಹೇರೋಹಳ್ಳಿಗೆ ಕೇಳಿಸ್ತಿತ್ತು, ಈಗೇನು ಗಂಟಲು ಕಟ್ತಾ?" ಎಂದ ಬೈರಪ್ಪ.

ಮತ್ತೆ ಹೇಳಿದಳು. ಯೋಗಾನಂದ ಅದನ್ನು ಓಡಿಸಿ ನೋಡಿ ಮುಖ ಹುಳಿ ಮಾಡಿದ.

"ಸಾರ್, ಇದು ಸರಿ ಬರ್ತಿಲ್ಲ. ಕಲ್ಲು ನಿಂತ್ಕೊಂಡು ಮಾತಾಡ್ದಂಗಿದೆ. ಹೊಡೆದು ಹೇಳಿಸಿದಾರೆ ಅಂತ ಕಾಮೆಂಟ್ ಹಾಕ್ತಾರೆ. ಸ್ವಲ್ಪ ಕಣ್ಣೀರು ಬರ್ಬೇಕು. ಏಯ್, ಸ್ವಲ್ಪ ಅತ್ಕೊಂಡು ಹೇಳು."

"ಅಳು ಬರಂಗಿಲ್ಲರೀ."

"ಬರಲ್ಲ ಅಂದ್ರೇನೇ?" ರುದ್ರೇಶ ಎಳನೀರಿನ ಸ್ಟ್ರಾ ಬಾಯಿಂದ ತೆಗೆದ. "ಅವತ್ತು ಹೊಳೆ ಹರಿಸಿದ್ದೆ. ಅಳಮ್ಮ, ಎರಡು ನಿಮಿಷದ ಕೆಲ್ಸ, ಬಿಸಿಲಲ್ಲಿ ಸಾಯ್ತಿದೀವಿ ನಾವು."

"ಹೆಣ ಇಲ್ಲಲ್ಲರೀ ಸಾಹೇಬ್ರ. ಹೆಣ ಇಲ್ದ ಹೆಂಗ ಅಳೂದು?"

"ಇವಳಿಗೆ ಈಗ ಹೆಣ ಎಲ್ಲಿಂದ ತರೋಣ ಮಾರಾಯ!" ಎಂದ ಬೈರಪ್ಪ. ಯೋಗಾನಂದ ನಕ್ಕ. ಬಾಲ್ಕನಿಯಲ್ಲೂ ಯಾರೋ ನಕ್ಕರು.

ಹನುಮವ್ವ ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು. "ತಡೀರಿ ಹಂಗಾದ್ರ," ಎಂದಳು. ಕುಕ್ಕರಗಾಲಲ್ಲಿ ಕೂತಳು. ಚಪ್ಪಡಿಯ ಮೇಲಿನ ಧೂಳನ್ನು ಅಂಗೈಯಿಂದ ಸರಿಸಿದಳು, ಹಾಸಿಗೆ ಕೊಡವುವ ಹಾಗೆ. ಆಮೇಲೆ ಅಂಗಾತ ಮಲಗಿ, ಕಾಲು ಜೋಡಿಸಿ, ಕೈ ಎರಡೂ ಪಕ್ಕಕ್ಕಿಟ್ಟು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಗೇಟಿನ ಹತ್ತಿರದ ಹೆಂಗಸರಿಗೆ ಕೂಡಲೇ ತಿಳಿಯಿತು. "ಅಯ್ಯ ಯವ್ವಾ, ಬ್ಯಾಡ!" ಎಂದು ಒಬ್ಬಳು ಎದೆ ಹಿಡಿದುಕೊಂಡಳು. ಬದುಕಿದವರ ಮುಂದೆ ಸತ್ತವರ ಅಳು ಅಳಬಾರದು, ಆಯುಷ್ಯ ಹರಿಯುತ್ತದೆ. ಹುಡುಗಾಟಕ್ಕೂ ಹಾಗೆ ಮಲಗಬಾರದು. ತಾಯಂದಿರು ಮಕ್ಕಳಿಗೆ ಹೊಡೆದು ಎಬ್ಬಿಸುತ್ತಾರೆ.

ಶಿಲ್ಪಾ ಓಡಿ ಬಂದು ಮಂಡಿಯೂರಿದಳು. "ಅವ್ವ ಏಳು, ಎಲ್ರೂ ನೋಡ್ತಾವ್ರೆ. ಹುಚ್ಚು ಹಿಡೀತಾ ನಿಂಗೆ?"

ಸೆರಗಿನ ಕೆಳಗಿನಿಂದ ಹನುಮವ್ವನ ಧ್ವನಿ ಬಂತು. "ನಾ ಸತ್ತೀನಿ ಮಗಳ. ಅಳ ಈಗ. ಹೆಣ ಐತಿ, ಇನ್ನ ಯಾರೂ ಏನೂ ಅನ್ನಂಗಿಲ್ಲ." ಅಷ್ಟು ಹೇಳಿ ಅವಳು ಬಾಯಿ ಮುಚ್ಚಿಕೊಂಡಳು.

ಶಿಲ್ಪಾಗೆ ಆ ಅಳು ಬರುತ್ತಿರಲಿಲ್ಲ. ಅವಳು ಬೆಳೆದದ್ದು ಇಲ್ಲೇ. ಅದು ಹಳ್ಳಿಯವರ ಗೊಡ್ಡು ಪದ್ಧತಿ ಎಂದು ಮೂಗು ಮುರಿದವಳು. ಅಪ್ಪನ ಹೆಣದ ಮುಂದೆಯೂ ಬಾಯಿಗೆ ದುಪಟ್ಟಾ ಒತ್ತಿಕೊಂಡು ಸದ್ದಿಲ್ಲದೆ ಅತ್ತಿದ್ದಳು. ಈಗ ತಾಯಿಯ ಮೈಮೇಲೆ ಕೈಯಿಟ್ಟಳು. ಹೊಟ್ಟೆ ಸಣ್ಣಗೆ ಏರಿ ಇಳಿಯುತ್ತಿತ್ತು. ನೋಡುತ್ತಿದ್ದ ಹಾಗೆ ಅದೂ ನಿಂತಂತಾಯಿತು, ಹನುಮವ್ವ ಉಸಿರು ಬಿಗಿ ಹಿಡಿದಿದ್ದಳು. ಶಿಲ್ಪಾಳ ಬಾಯಿಂದ ಏನೋ ಕಿತ್ತುಕೊಂಡು ಬಂತು.

"ಅವ್ವಾ... ನನ್ನವ್ವಾ... ಯಾಕವ್ವಾ ಮಲ್ಕೊಂಡೆ...
ಅಪ್ಪ ತಾನೇ ಬೀಳ್ಲಿಲ್ಲ ಕಣವ್ವಾ, ಅಪ್ಪನ್ನ ಇಳ್ಸಿದ್ರು ಕಣವ್ವಾ,
ಈ ಯೋಗಾನಂದ ಕ್ವಾಟ್ರು ತಂದ್ಕೊಟ್ಟ, ಮೂಗು ಮುಚ್ಕೊಂಡು ಕೊಟ್ಟ,
ಈ ಬೈರಪ್ಪ ಮೆಟ್ಲ ಮೇಲೆ ನಿಂತ್ಕೊಂಡು ಇನ್ನೂ ಇಳಿಯೋ ಲೇ ಅಂದ,
ಸುಳ್ಳು ಹೇಳು ಅಂತ ನಾನೇ ಕಲ್ಸಿದೆ ನಿಂಗೆ, ನನ್ ಬಾಯಿ ಸೇದೋಗ..."

"ಏಯ್! ನಿಲ್ಸೇ!" ಬೈರಪ್ಪ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಅದನ್ನ ಆಫ್ ಮಾಡೋ ಯೋಗಾನಂದ, ಬೋಳಿಮಗನೇ!"

ಯೋಗಾನಂದ ಮೊಬೈಲು ಕೀಳಲು ಹೋಗಿ ಕೋಲಿನ ಸಮೇತ ಕೆಡವಿಕೊಂಡ. ಕಿತ್ತರೂ ಏನು ಬಂತು, ಮೇಲೆ ಬಾಲ್ಕನಿಗಳ ತುಂಬ ಮೊಬೈಲುಗಳಿದ್ದವು. ಗೇಟಿನ ಹತ್ತಿರದ ಹೆಂಗಸರಲ್ಲಿ ಒಬ್ಬಳು ಮುಂದೆ ಬಂದು ಚಪ್ಪಡಿಯ ಪಕ್ಕ ಕೂತಳು. ಇನ್ನೊಬ್ಬಳು ಬಂದಳು. ಅವರವರ ಸತ್ತವರು ಅವರವರಿಗಿದ್ದರು. ಧ್ವನಿಗೆ ಧ್ವನಿ ಸೇರಿತು.

"ಏಳಮ್ಮ, ಎದ್ದೇಳು! ಬದುಕಿರೋಳ ಮುಂದೆ ಅಳೋದು ಯಾವ ಶಾಸ್ತ್ರಾನೇ ಇದು?" ಎಂದು ರುದ್ರೇಶ ಲಾಠಿಯ ತುದಿಯಿಂದ ಹನುಮವ್ವನ ಪಾದ ಚುಚ್ಚಿದ. ಪಾದ ಅಲುಗಲಿಲ್ಲ. ಹೆಂಗಸನ್ನು ಮುಟ್ಟಿ ಎಬ್ಬಿಸಿದರೆ ಮೇಲಿನ ಮೊಬೈಲುಗಳು ನೋಡುತ್ತವೆ. ಅವನು ಆಚೆ ಹೋಗಿ ಲೇಡಿ ಪೊಲೀಸರನ್ನು ಕಳಿಸಿ ಎಂದು ಫೋನು ಮಾಡತೊಡಗಿದ. ಆ ಕಡೆಯವರು ಏನು ಕೇಸು ಎಂದು ಕೇಳಿದರು. "ಸಾರ್, ಒಬ್ಳು ಸತ್ತು ಮಲ್ಗವ್ಳೆ... ಇಲ್ಲ ಸಾರ್, ಸತ್ತಿಲ್ಲ... ಅಳ್ತಾವ್ರೆ ಸಾರ್..." ಎನ್ನುತ್ತ ಬೆವರು ಒರೆಸಿಕೊಂಡ.

ಮನೆಯ ಬಾಗಿಲಿಗೆ ಯಶೋದಮ್ಮ ಬಂದಿದ್ದಳು. ಸೆರಗು ತಲೆಗೆ ಹೊದ್ದು, ಸಾವಿನ ಮನೆಗೆ ಹೋದವಳ ಹಾಗೆ ಹೊಸ್ತಿಲ ಹೊರಗೆ ನೆಲಕ್ಕೆ ಕೂತಳು. "ನೀನ್ಯಾಕಮ್ಮ ಕೂತ್ಕೊಂಡೆ, ಏಳಮ್ಮ!" ಎಂದು ಬೈರಪ್ಪ ಅಂಗಲಾಚಿದ. ಮುದುಕಿ ಅವನ ಕಡೆ ನೋಡಲಿಲ್ಲ.

ಸೆರಗಿನ ಒಳಗೆ ಸೆಖೆಯಾಗುತ್ತಿತ್ತು. ಹನುಮವ್ವನಿಗೆ ಮಗಳ ಧ್ವನಿ ದೂರದಲ್ಲಿ ಯಾರದೋ ಮನೆಯಲ್ಲಿ ಅತ್ತ ಹಾಗೆ ಕೇಳುತ್ತಿತ್ತು. ಅಳು ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಬೆನ್ನ ಕೆಳಗೆ ಚಪ್ಪಡಿ, ಅದರ ಕೆಳಗೆ ಪಿ.ಜಿ.ಯ ನೀರು ಗುಳುಗುಳು ಹರಿದು ಬೀಳುವ ಸದ್ದು. ಅಮೀನಪ್ಪನಿಗೂ ಮೇಲಿನ ಮಾತು ಹೀಗೇ ಕೇಳಿಸಿತ್ತೇನೋ ಎಂದುಕೊಂಡಳು. ಬೀದಿಯ ತಿರುವಿನಲ್ಲಿ ಜೀಪು ನಿಂತ ಶಬ್ದವಾಯಿತು, ಗೇಟು ಕಿರುಗುಟ್ಟಿತು.

ಆಗ ಯಾರೋ ಅವಳ ಕಾಲ ಹತ್ತಿರ ಬಂದು ಕೂತರು. ಬಟ್ಟೆ ಪರ್ರೆಂದು ಹರಿದ ಸದ್ದಾಯಿತು. ಲಿಂಗಪ್ಪ ತನ್ನ ಟವೆಲಿನ ಅಂಚು ಹರಿದು ಅವಳ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದ.